ಹುಳುಮನೆ ಗೋಡೆಯ ಹನ್ನೆರಡನೇ ವಾಕ್ಯ

ನಮ್ಮೂರು ಸೂಲಿಬೆಲೆಗೂ ನಂದಗುಡಿಗೂ ನಡುವೆ, ಕೇಳಿಕೊಂಡರೆ ಮಾತ್ರ ಬಸ್ಸು ನಿಲ್ಲುವಂಥ ಜಾಗದಲ್ಲಿದೆ. ಅಲ್ಲಿ ನಮ್ಮ ಪಂಗಡದ ಮನೆಗಳು ಎಂಟೋ ಒಂಬತ್ತೋ ಇದ್ದವು. ಕ್ರೈಸ್ತರು ಅಂದ ಕೂಡಲೇ ಜನ ಏನೇನು ನೆನೆಸಿಕೊಳ್ಳುತ್ತಾರೋ ಅದು ಯಾವುದೂ ನಮ್ಮಲ್ಲಿರಲಿಲ್ಲ. ಗಂಟೆ ಇಲ್ಲ, ಶಿಲುಬೆ ಇಲ್ಲ, ಪಾದ್ರಿಯೂ ಇಲ್ಲ. ಕ್ರಿಸ್‌ಮಸ್ ಕೂಡ ಇಲ್ಲ, ಯಾಕೆಂದರೆ ಆ ತಾರೀಕು ಬೈಬಲಿನಲ್ಲಿ ಎಲ್ಲೂ ಬರೆದಿಲ್ಲ. ಪಕ್ಕದ ಹೊಲದ ಅಜ್ಜಿ ಪ್ರತಿ ಡಿಸೆಂಬರಿನಲ್ಲೂ ನಮ್ಮಮ್ಮನನ್ನು ದಾರಿಯಲ್ಲಿ ತಡೆದು ಕೇಳೋರು: “ಕೇಕೂ ಇಲ್ಲ, ಸ್ಟಾರೂ ಇಲ್ಲ, ಅದೇನ್ ಕಿರಿಸ್ತಾನ್ರವ್ವಾ ನೀವು? ಬರೀ ಓದ್ಕೊಂಡೇ ಕಾಲ ಕಳೀತೀರ!” ಅಜ್ಜಿ ತಮಾಷೆಗೆ ಅಂದದ್ದು ನೂರಕ್ಕೆ ನೂರು ನಿಜ. ಊರಿನಲ್ಲಿ ನಮಗೆ ಇದ್ದ ಹೆಸರೇ ‘ಓದೋರು’ ಅಂತ.

ನಮ್ಮ ಪಂಗಡ ಹುಟ್ಟಿದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಸಮುದ್ರದಾಚೆ. ಪಾದ್ರಿಗಳ ಮಾತು ಕೇಳಿ ಕೇಳಿ ಸಾಕಾದ ಕೆಲವರು, ಇನ್ನು ನಾವೇ ಓದಿಕೊಳ್ಳುತ್ತೇವೆ ಅಂತ ಎದ್ದು ಹೊರಗೆ ಬಂದರಂತೆ. ಆಗಲೂ ಅವರು ಕೆಲವೇ ಜನ, ಈಗಲೂ ಕೆಲವೇ ಜನ. ನಮ್ಮ ಕಡೆಗೆ ಅದು ಬಂದದ್ದು ಅಂಚೆಯಲ್ಲಿ. ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದ ನನ್ನ ತಾತ ಪೇಪರಿನ ಮೂಲೆಯಲ್ಲಿ ಅಂಚೆ ಮೂಲಕ ಉಚಿತ ಬೈಬಲ್ ಪಾಠ ಅನ್ನುವ ಜಾಹೀರಾತು ನೋಡಿ, ಉಚಿತ ಅಂದಮೇಲೆ ಬಿಡೋದೇಕೆ ಅಂತ ಒಂದು ಕಾರ್ಡು ಬರೆದರು. ಪಾಠ ಬಂತು, ಪಾಠದ ಕೊನೆಯಲ್ಲಿ ಪ್ರಶ್ನೆಗಳು ಬಂದವು. ಉತ್ತರ ಬರೆದು ಕಳಿಸಿದರೆ ಕೆಂಪು ಇಂಕಿನಲ್ಲಿ ಅಂಕ ಹಾಕಿ ವಾಪಸ್ಸು ಕಳಿಸೋರು. ಜೀವನವಿಡೀ ಬೇರೆಯವರಿಗೆ ಅಂಕ ಹಾಕಿದ ಮನುಷ್ಯನಿಗೆ ತನಗೂ ಯಾರೋ ಅಂಕ ಹಾಕುತ್ತಿದ್ದಾರೆ ಅನ್ನೋದು ಎಷ್ಟು ಹಿಡಿಸಿತೆಂದರೆ, ಎರಡು ವರ್ಷ ಬಿಡದೆ ಬರೆದು, ಕೊನೆಗೆ ಪೂರ್ತಿ ಒಪ್ಪಿಕೊಂಡೇಬಿಟ್ಟರು. ಹೀಗೆ ನಮ್ಮ ಮನೆಗೆ ಭಕ್ತಿ ಬಂದದ್ದೇ ಪ್ರಶ್ನೆಪತ್ರಿಕೆಯ ರೂಪದಲ್ಲಿ. ನಾನು ಇಷ್ಟು ವಾದ ಮಾಡುವವಳಾದದ್ದಕ್ಕೆ ಅದೇ ಕಾರಣ ಅಂತ ನನ್ನ ಗಂಡ ಈಗಲೂ ಹೇಳುತ್ತಾರೆ.

ನಾವು ಸೇರುತ್ತಿದ್ದದ್ದು ಹುಳುಮನೆಯಲ್ಲಿ. ಹಿಂದೆ ರೇಷ್ಮೆಹುಳು ಸಾಕುತ್ತಿದ್ದ ಉದ್ದನೆಯ ಶೆಡ್ಡು ಅದು. ಹುಳು ಸಾಕೋದು ನಿಂತಮೇಲೆ ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳನ್ನು ಒಂದು ಮೂಲೆಗೆ ಒರಗಿಸಿ, ಚಾಪೆ ಹಾಸಿ, ಅದನ್ನೇ ಸಭೆಯ ಮನೆ ಮಾಡಿಕೊಂಡಿದ್ದೆವು. ಭಾನುವಾರ ಬೆಳಿಗ್ಗೆ ದೊಡ್ಡವರ ಸಭೆ, ಅದಕ್ಕೆ ಮೊದಲು ಮಕ್ಕಳ ಸಂಡೆ ಸ್ಕೂಲು. ಅದನ್ನು ನಡೆಸುತ್ತಿದ್ದವರು ಟೀಚರಕ್ಕ.

ಟೀಚರಕ್ಕ ಯಾವ ಶಾಲೆಯಲ್ಲೂ ಟೀಚರ್ ಆಗಿರಲಿಲ್ಲ. ಓದಿದ್ದು ಏಳನೇ ಕ್ಲಾಸು. ಎರಡು ಸೀಮೆಹಸು ಸಾಕಿ ಡೈರಿಗೆ ಹಾಲು ಹಾಕುತ್ತಿದ್ದರು, ಅವರ ಯಜಮಾನರು ಹಾಲಿನ ಟೆಂಪೊ ಓಡಿಸುತ್ತಿದ್ದರು. ನಮ್ಮಲ್ಲಿ ಎಲ್ಲರೂ ಎಲ್ಲರಿಗೂ ಅಣ್ಣ ಅಕ್ಕ, ವಯಸ್ಸಿನ ಲೆಕ್ಕವಿಲ್ಲ. ಹಾಗಾಗಿ ನನ್ನ ಅಮ್ಮನಿಗೂ ಅವರು ಟೀಚರಕ್ಕ, ನನಗೂ ಟೀಚರಕ್ಕ. ಬೆಳಗಿನ ಹಾಲು ಹಾಕಿ, ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತಲೇ ಬಂದು ಬೋರ್ಡಿನ ಮುಂದೆ ನಿಲ್ಲುತ್ತಿದ್ದರು. ಅವರು ಬಂದರೆ ಶೆಡ್ಡಿನಲ್ಲಿ ಸಣ್ಣಗೆ ಹಿಂಡಿಯ ವಾಸನೆ ಬರುತ್ತಿತ್ತು. ಇವತ್ತಿಗೂ ನನಗೆ ದೇವರ ಪಾಠ ಅಂದರೆ ಹಸುವಿನ ಹಿಂಡಿಯ ವಾಸನೆಯೇ ನೆನಪಾಗುವುದು.

ಅವರ ಪಾಠವೆಲ್ಲ ಒಂದೇ ಪ್ರಶ್ನೆಯ ಮೇಲೆ ನಿಂತಿತ್ತು. “ಎಲ್ಲೈತೆ?” ನಾವು ಏನೇ ಹೇಳಲಿ, ಅದೇ ಪ್ರಶ್ನೆ. ದೇವದೂತರಿಗೆ ರೆಕ್ಕೆ ಇರುತ್ತೆ ಅಂದರೆ “ಎಲ್ಲೈತೆ? ತೋರ್ಸು” ಅನ್ನೋರು. ಯೇಸು ಹುಟ್ಟಿದಾಗ ನೋಡೋಕೆ ಜೋಯಿಸರು ಮೂರು ಜನ ಬಂದರು ಅಂದರೆ “ಮೂರು ಅಂತ ಎಲ್ಲೈತೆ?” ನಾವು ಪುಟ ತಿರುವಿ ತಿರುವಿ ಸೋತು ಕೂತಾಗ ಅವರಿಗೆ ಭಾರಿ ಸಂತೋಷ. ಸಿಗದೇ ಇದ್ದರೆ “ಹಂಗಾದ್ರೆ ಏನನ್ಬೇಕು?” ಅಂತ ಕೇಳೋರು. ನಾವೆಲ್ಲ ಒಟ್ಟಿಗೆ “ಬರ್ದಿಲ್ಲ, ಗೊತ್ತಿಲ್ಲ” ಅನ್ನಬೇಕು. ಗೊತ್ತಿಲ್ಲ ಅನ್ನೋದನ್ನು ನಾಚಿಕೆಯಿಲ್ಲದೆ, ಗಟ್ಟಿಯಾಗಿ ಹೇಳೋಕೆ ಕಲಿಸಿದ ಬೇರೆ ಯಾವ ಮೇಷ್ಟ್ರೂ ನನಗೆ ಸಿಕ್ಕಿಲ್ಲ, ಕಾಲೇಜಿನಲ್ಲೂ ಸಿಗಲಿಲ್ಲ.

ಆ ಪ್ರಶ್ನೆಯನ್ನು ನಾನು ಮನೆಗೂ ತಂದೆ. ಪಾತ್ರೆ ತೊಳೆಯೋದು ಹೆಣ್ಣುಮಕ್ಕಳ ಕೆಲಸ ಅಂತ ಅಮ್ಮ ಒಂದು ಸಲ ಅಂದಾಗ, ಸೊಂಟದ ಮೇಲೆ ಕೈಯಿಟ್ಟುಕೊಂಡು “ಎಲ್ಲೈತೆ?” ಅಂದೆ. ಅಮ್ಮ ಪೊರಕೆ ಎತ್ತಿ “ಇಲ್ಲೈತೆ, ಬಾ” ಅಂದಳು. ಟೀಚರಕ್ಕನಿಗೆ ಹೋಗಿ ದೂರು ಹೇಳಿದರೆ ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡು, “ನೀನು ಕೇಳಿದ್ದು ಸರಿ. ಆದ್ರೂ ಹೋಗಿ ಪಾತ್ರೆ ತೊಳಿ” ಅಂದರು.

ಅವರು ಕಲಿಸಿದ ಎರಡನೇ ಸಂಗತಿ, ಸಿಕ್ಕಿದ ವಾಕ್ಯದ ಮೇಲೂ ಕೆಳಗೂ ಓದಬೇಕು ಅನ್ನೋದು. ಇದನ್ನು ಕಲಿಸಲು ಅಂಗಡಿಯ ಕಡಲೆಕಾಯಿ ಪೊಟ್ಟಣ ಬಳಸಿದ್ದರು. ಪೊಟ್ಟಣ ಬಿಚ್ಚಿ ಹರಿದ ಪೇಪರಿನ ತುಂಡನ್ನು ನಮ್ಮ ಕೈಗೆ ಕೊಟ್ಟರು. ಅದರಲ್ಲಿ ‘ಊರಿಗೆ ಊರೇ ಓಡಿತು’ ಅನ್ನುವಷ್ಟೇ ಇತ್ತು. ಯಾಕೆ ಓಡಿತು ಹೇಳಿ ಅಂದರು. ಚಿರತೆ ಬಂದಿರಬೇಕು ಅಂತ ಒಬ್ಬಳು, ಪೊಲೀಸು ಬಂದಿರಬೇಕು ಅಂತ ಇನ್ನೊಬ್ಬ. ನಾನು ಕೆರೆ ಒಡೆದಿದೆ ಅಂತ ದೊಡ್ಡ ಕಥೆಯನ್ನೇ ಹೇಳಿದೆ, ಕಥೆಯಲ್ಲಿ ಇಬ್ಬರನ್ನು ಮುಳುಗಿಸಿಯೂ ಬಿಟ್ಟೆ. ಎಲ್ಲ ಆದಮೇಲೆ ಚಾಪೆಯ ಕೆಳಗಿನಿಂದ ಅದೇ ಪೇಪರಿನ ಮಿಕ್ಕ ಭಾಗ ತೆಗೆದರು. ಶಾಲೆಯ ವಾರ್ಷಿಕೋತ್ಸವಕ್ಕೆ ಊರಿನವರೆಲ್ಲ ಸೇರಿ ಓಟದ ಸ್ಪರ್ಧೆ ಮಾಡಿದ್ದರಂತೆ. “ನೋಡ್ದ್ರಾ? ತುಂಡು ಇಟ್ಕೊಂಡು ಎಷ್ಟು ಜನಾನ ಸಾಯಿಸ್ಬಿಟ್ರಿ” ಅಂದರು. ಆಮೇಲೆ ಕಡಲೆಕಾಯಿಯನ್ನು ಎಲ್ಲರಿಗೂ ಹಂಚಿದರು.

ಶೆಡ್ಡಿನ ಉದ್ದದ ಗೋಡೆಯ ಮೇಲೆ ಟೀಚರಕ್ಕ ತಮ್ಮ ಕೈಯಾರೆ ನೀಲಿ ಬಣ್ಣದಲ್ಲಿ ಹನ್ನೆರಡು ವಾಕ್ಯ ಬರೆದಿದ್ದರು. ಪ್ರತಿಯೊಂದರ ಕೆಳಗೂ ಅದು ಎಲ್ಲಿದೆ ಅನ್ನುವ ಗುರುತು: ಯಾವ ಪುಸ್ತಕ, ಎಷ್ಟನೇ ಅಧ್ಯಾಯ, ಎಷ್ಟನೇ ವಾಕ್ಯ. ಹನ್ನೆರಡನೆಯದಕ್ಕೆ ಮಾತ್ರ ಗುರುತು ಇರಲಿಲ್ಲ. ಅದು ಗೋಡೆಯ ತುದಿಯಲ್ಲಿ, ಚಂದ್ರಿಕೆಗಳ ಪಕ್ಕದಲ್ಲಿತ್ತು. ಜಾಗ ಸಾಲದೆ ಬಿಟ್ಟಿದ್ದಾರೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಆ ವಾಕ್ಯ ಇದು: ಹೆಸರಿಡದ ಕೂಸಿನ ಹೆಸರನ್ನೂ ಆತನು ಬರೆದುಕೊಂಡಿದ್ದಾನೆ.

ಅದು ಅಲ್ಲಿ ಯಾಕಿದೆ ಅನ್ನೋದು ನಮ್ಮ ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಟೀಚರಕ್ಕನಿಗೆ ಒಂದೇ ಒಂದು ಮಗು ಹುಟ್ಟಿತ್ತು, ಗಂಡುಮಗು. ಹತ್ತು ದಿನ ಇತ್ತು. ಹನ್ನೊಂದನೇ ದಿನ ಹೆಸರಿಡಬೇಕು ಅಂತ ಅಂದುಕೊಂಡಿದ್ದರಂತೆ. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ. ಸತ್ತವರು ನಿದ್ದೆಯಲ್ಲಿದ್ದಾರೆ, ಒಂದು ದಿನ ದೇವರು ಹೆಸರು ಹಿಡಿದು ಎಬ್ಬಿಸುತ್ತಾನೆ ಅನ್ನುವುದು ನಮ್ಮ ನಂಬಿಕೆ. ಹೆಸರೇ ಇಡದ ಮಗುವನ್ನು ಏನಂತ ಕರೆಯೋದು? ಆ ಪ್ರಶ್ನೆಗೆ ಟೀಚರಕ್ಕನ ಹತ್ತಿರ ಇದ್ದ ಉತ್ತರ ಹನ್ನೆರಡನೇ ವಾಕ್ಯವೊಂದೇ. ಚಾಪೆ ಗುಡಿಸುವಾಗ ಅವರು ಆ ಮೂಲೆಯನ್ನು ಯಾವಾಗಲೂ ಕೊನೆಗೆ ಗುಡಿಸುತ್ತಿದ್ದರು, ನಿಧಾನವಾಗಿ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಹುಟ್ಟಿದ ಮಾತ್ರಕ್ಕೆ ಯಾರೂ ಸಭೆಯವರಾಗುವುದಿಲ್ಲ. ದೊಡ್ಡವರಾದಮೇಲೆ ತಾವಾಗಿಯೇ ಕೇಳಿಕೊಂಡು, ‘ಪ್ರಶ್ನೆಗೆ ಕೂತು’, ಹಿರಿಯರು ಒಪ್ಪಿದರೆ ಆಮೇಲೆ ನೀರಿನಲ್ಲಿ ಮುಳುಗಿಸುವ ದೀಕ್ಷಾಸ್ನಾನ. ಪ್ರಶ್ನೆಗೆ ಕೂರೋದು ಅಂದರೆ ಎರಡು ಮೂರು ಗಂಟೆ. ಎದುರಿಗೆ ಮೂವರು ಹಿರಿಯರು, ಬೆನ್ನ ಹಿಂದೆ ಪಾಠ ಹೇಳಿಕೊಟ್ಟವರು. ಹೇಳಿಕೊಟ್ಟವರು ಬಾಯಿ ತೆರೆಯುವಂತಿಲ್ಲ. ನಾನು ಕೂತಾಗ ಹೊಸಕೋಟೆಯಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದೆ. ಪರೀಕ್ಷೆ ಅಂದರೆ ಅಂಕ, ಅಂಕ ಅಂದರೆ ನಾನು ಅನ್ನುವ ಕೊಬ್ಬು ಚೆನ್ನಾಗಿಯೇ ಇತ್ತು.

ಪ್ರಶ್ನೆ ಕೇಳಿದವರು ಲೈನ್‌ಮನ್ ಅಣ್ಣ. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ರಿಟೈರಾದವರು, ಕಂಬ ಹತ್ತುವವರ ಹಾಗೇ ಒಂದೊಂದೇ ಹೆಜ್ಜೆ ಗಟ್ಟಿ ಮಾಡಿಕೊಂಡು ಮುಂದಕ್ಕೆ ಹೋಗುವ ಮನುಷ್ಯ. ನಾನು ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಪಕ್ಕದಲ್ಲಿ ಅದು ಎಲ್ಲಿದೆ ಅನ್ನುವ ಗುರುತು ಹಾಕಿಕೊಳ್ಳುತ್ತಿದ್ದರು. ಎರಡು ಗಂಟೆ ಚೆನ್ನಾಗಿಯೇ ಹೋಯಿತು.

“ತೀರ್ಕೊಂಡೋರ ವಿಷ್ಯದಲ್ಲಿ ನಮ್ಮ ನಂಬಿಕೆ ಏನಮ್ಮಾ?” ಅಂದರು.

ಹೇಳಿದೆ. ನಾಲ್ಕು ಕಡೆಯ ಗುರುತನ್ನೂ ಪುಟ ನೋಡದೆ ಹೇಳಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು, ಆದರೆ ನನ್ನ ನಾಲಿಗೆ ಹೇಳಿದ ಮಾತು ಕೇಳುವಂಥದ್ದಲ್ಲ. ಟೀಚರಕ್ಕನಿಗೆ ಖುಷಿಯಾಗಲಿ ಅನ್ನುವ ಆಸೆಯೂ ಇತ್ತು. “ಅಷ್ಟೇ ಅಲ್ಲಣ್ಣ, ಹೆಸರಿಡದ ಕೂಸಿನ ಹೆಸರನ್ನೂ ಆತನು ಬರೆದುಕೊಂಡಿದ್ದಾನೆ” ಅಂದೆ.

ಲೈನ್‌ಮನ್ ಅಣ್ಣ ಬರೆದುಕೊಂಡರು. ಪಕ್ಕದ ಜಾಗಕ್ಕೆ ಪೆನ್ನು ತಂದು, ತಲೆ ಎತ್ತದೆ ಕೇಳಿದರು: “ಎಲ್ಲೈತಮ್ಮಾ?”

ಅವರಿಗೆ ಯಾವ ಕೆಟ್ಟ ಉದ್ದೇಶವೂ ಇರಲಿಲ್ಲ. ಅಭ್ಯಾಸಬಲದಿಂದ ಕೇಳಿದ್ದು. ನಾನು ಗೋಡೆಯ ತುದಿಗೆ ಕಣ್ಣು ಹಾಯಿಸಿದೆ, ಅಲ್ಲಿ ಗುರುತು ಇಲ್ಲ. ತಿರುಗಿ ಟೀಚರಕ್ಕನನ್ನು ನೋಡಿದೆ. ಅವರು ಬಾಯಿ ತೆರೆಯುವಂತಿರಲಿಲ್ಲ, ನಿಯಮ. ಆದರೆ ಅವರ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು, ನಿಯಮ ಇಲ್ಲದಿದ್ದರೂ ಅದು ಎಲ್ಲಿದೆ ಅಂತ ಅವರಿಗೂ ಗೊತ್ತಿರಲಿಲ್ಲ. ಲೈನ್‌ಮನ್ ಅಣ್ಣನೂ ಅಷ್ಟರಲ್ಲಿ ತಲೆ ಎತ್ತಿ ನೋಡಿದ್ದರು. “ಇರ್ಲಿ, ಆಮೇಲೆ ನೋಡ್ಕೊಂಡು ಹೇಳಮ್ಮಾ” ಅಂತ ಅವಸರದಲ್ಲಿ ಮುಂದಿನ ಪ್ರಶ್ನೆಗೆ ಹೋದರು.

ನನ್ನನ್ನು ಒಪ್ಪಿಕೊಂಡರು. ಮುಂದಿನ ಭಾನುವಾರ ತೋಟದ ನೀರಿನ ತೊಟ್ಟಿಯಲ್ಲಿ ಸ್ನಾನವೂ ಆಯಿತು. ಅಮ್ಮ ಪಾಯಸ ಮಾಡಿದ್ದಳು. ಟೀಚರಕ್ಕ ನನ್ನ ಒದ್ದೆ ತಲೆ ಒರೆಸಿ, ಮುತ್ತು ಕೊಟ್ಟು, ಚಾಕ್‌ಪೀಸಿನ ಡಬ್ಬಿಯನ್ನು ನನ್ನ ಕೈಯಲ್ಲಿಟ್ಟರು.

“ಮುಂದಿನ ವಾರದಿಂದ ಮಕ್ಕಳನ್ನ ನೀನೇ ನೋಡ್ಕೊಳೆ. ಆ ಮಾತು ಎಲ್ಲೈತೆ, ಐತೋ ಇಲ್ವೋ ಅಂತ ತಿಳಿಯೋವರ್ಗೂ ನಾನು ಬೋರ್ಡ್ ಮುಂದೆ ನಿಲ್ಲಲ್ಲ.”

ನಾನು ಅತ್ತೆ, ಜಗಳವಾಡಿದೆ. ಯಾರೂ ನಿಮ್ಮನ್ನು ನಿಲ್ಲಬೇಡಿ ಅಂದಿಲ್ಲವಲ್ಲ ಅಂದೆ. ನಿಜ, ಯಾರೂ ಅಂದಿರಲಿಲ್ಲ. ಲೈನ್‌ಮನ್ ಅಣ್ಣನೇ ಎರಡು ಸಲ ಅವರ ಮನೆಗೆ ಹೋಗಿ ಕೇಳಿಕೊಂಡರು. ಟೀಚರಕ್ಕ ಎರಡು ಸಲವೂ ಕಾಫಿ ಕೊಟ್ಟು ಕಳಿಸಿದರು.

ಅದು ಎಲ್ಲಿಂದ ಬಂದ ಮಾತು ಅಂತ ಅವರು ನನಗೆ ಹೇಳಿದ್ದು ಕೊಟ್ಟಿಗೆಯಲ್ಲಿ, ಹಾಲು ಕರೆಯುತ್ತಾ. ಅವರ ಅಮ್ಮನಿಗೆ ಓದೋಕೆ ಬರುತ್ತಿರಲಿಲ್ಲ. ನಮ್ಮಲ್ಲಿ ಎಲ್ಲರೂ ಸುತ್ತಲೂ ಕೂತು ಎರಡೆರಡು ವಾಕ್ಯ ಓದುತ್ತಾ ಹೋಗುವ ಪದ್ಧತಿ. ಓದು ಬಾರದವರ ಸರದಿ ಬಂದರೆ ಪಕ್ಕದವರು ಮೆಲ್ಲಗೆ ಓದುತ್ತಾರೆ, ಅವರು ಅದನ್ನು ಗಟ್ಟಿಯಾಗಿ ತಿರುಗಿ ಹೇಳುತ್ತಾರೆ. ಸರದಿಯನ್ನು ಮಾತ್ರ ಯಾರಿಗೂ ತಪ್ಪಿಸುವ ಹಾಗಿಲ್ಲ. ಅವರಮ್ಮ ಹಾಗೆ ಕಿವಿಯಿಂದಲೇ ಅರ್ಧ ಬೈಬಲು ಕಲಿತಿದ್ದರಂತೆ. ಬಾಣಂತನಕ್ಕೆ ಬಂದಿದ್ದ ಅವರೇ, ಮಗು ಹೋದ ದಿನ ಮಗಳ ತಲೆ ಹಿಡಿದುಕೊಂಡು ಆ ಮಾತು ಹೇಳಿ, “ಪುಸ್ತಕದಲ್ಲೈತೆ ಕಣಮ್ಮಾ” ಅಂದಿದ್ದರು.

“ನೀವು ವರ್ಷ ವರ್ಷ ಇಡೀ ಪುಸ್ತಕ ಓದ್ತೀರಲ್ಲ ಟೀಚರಕ್ಕ,” ಅಂದೆ. ನಮ್ಮಲ್ಲಿ ಓದಿನ ಪಟ್ಟಿ ಇದೆ, ಜನವರಿಯಲ್ಲಿ ಶುರು ಮಾಡಿ ದಿನಕ್ಕೆ ಇಷ್ಟು ಅಂತ ಓದಿದರೆ ಡಿಸೆಂಬರಿಗೆ ಇಡೀ ಬೈಬಲು ಮುಗಿಯುತ್ತದೆ. “ಇಷ್ಟು ವರ್ಷದಲ್ಲಿ ಒಂದ್ಸಲಾನೂ ಸಿಕ್ಲಿಲ್ವಾ?”

ಅವರು ಕೆಚ್ಚಲಿನಿಂದ ಕೈ ತೆಗೆಯಲಿಲ್ಲ. “ಪ್ರತಿ ವರ್ಷಾನೂ ಒಂದಷ್ಟು ದಿನ ಓದು ತಪ್ಪೋಗ್ತದೆ ಕಣೆ. ಜ್ವರ ಬಂದಿರ್ತದೆ, ಹಸು ಈದಿರ್ತದೆ, ಮದುವೆಗೆ ಹೋಗಿರ್ತೀನಿ. ಆ ತಪ್ಪಿದ ದಿನದ್ರಲ್ಲೇ ಇರ್ತದೆ ಅಂದ್ಕೊಂಡಿದ್ದೆ.” ಕಾಲಿನಿಂದ ಬಕೆಟ್ಟನ್ನು ಹತ್ತಿರಕ್ಕೆ ಎಳೆದುಕೊಂಡರು. “ತಪ್ಪಿದ್ದನ್ನ ಆಮೇಲೆ ತೆಗ್ದು ಓದ್ಬೋದಾಗಿತ್ತು. ಓದ್ಲಿಲ್ಲ. ಅಲ್ಲೂ ಇಲ್ದಿದ್ರೆ ಅಂತ ಭಯ.”

ನಾನು ಜೇಬಿನಿಂದ ಫೋನು ತೆಗೆದೆ. ಬೈಬಲಿನ ಆ್ಯಪು ಅದರಲ್ಲಿತ್ತು. ಕೂಸು ಅಂತ ಒತ್ತಿದೆ, ಹೆಸರು ಅಂತ ಒತ್ತಿದೆ, ಎರಡನ್ನೂ ಸೇರಿಸಿ ಒತ್ತಿದೆ. ಏನೇನೋ ಬಂತು, ಆ ಮಾತು ಮಾತ್ರ ಬರಲಿಲ್ಲ. ಬಂದಿಲ್ಲ ಅನ್ನೋದು ನನ್ನ ಮುಖದಲ್ಲೇ ಕಂಡಿರಬೇಕು.

“ಏನಂತ ಒತ್ತಿದ್ದೆ?” ಅಂದರು. ಹೇಳಿದೆ. “ನಮ್ಮಮ್ಮ ಕೂಸು ಅಂದ್ಲು. ಪುಸ್ತಕದಲ್ಲಿ ಮಗು ಅಂತಿದ್ರೆ? ಶಿಶು ಅಂತಿದ್ರೆ? ಅರ್ಥ ಒಂದೇ ಆಗಿದ್ದು ಮಾತೇ ಬೇರೆ ಆಗಿದ್ರೆ ನಿನ್ ಫೋನಿಗೆ ಹೆಂಗ್ ಗೊತ್ತಾಗ್ತದೆ? ಇಡು ಒಳಗೆ. ಬರೋ ವರ್ಷ ಒಂದು ದಿನಾನೂ ತಪ್ಪಿಸ್ದೆ ನಾನೇ ಓದ್ತೀನಿ.”

ಆ ಜನವರಿಯಿಂದ ಶುರು ಮಾಡಿದರು. ಮಧ್ಯಾಹ್ನ ಮೂರರಿಂದ ಸಂಜೆಯ ಹಾಲು ಕರೆಯುವವರೆಗೆ, ಜಗಲಿಯ ಮೇಲೆ, ದಪ್ಪ ಕನ್ನಡಕ ಹಾಕಿಕೊಂಡು, ಗಟ್ಟಿಯಾಗಿ. ಮನಸ್ಸಿನಲ್ಲೇ ಓದಿಕೊಂಡರೆ ಕಣ್ಣು ಜಾರಿಬಿಡುತ್ತೆ ಅಂತ ಗಟ್ಟಿಯಾಗಿಯೇ ಓದುತ್ತಿದ್ದರು. ಕಾಲೇಜು ಬಿಟ್ಟು ಬಸ್ಸಿಳಿದವಳು ನಾನು ನೇರ ಅಲ್ಲಿಗೇ ಹೋಗಿ ಎದುರಿಗೆ ಕೂತುಕೊಳ್ಳುತ್ತಿದ್ದೆ. ಎಲ್ಲಿಗೆ ಬಂದಿದೆ ಅನ್ನುವುದಕ್ಕೆ ಡೈರಿಯ ಚೀಟಿಯೊಂದನ್ನು ಪುಟದ ನಡುವೆ ಇಡುತ್ತಿದ್ದರು. ಯಾರು ಯಾರಿಗೆ ಹುಟ್ಟಿದರು ಅನ್ನುವ ಹೆಸರಿನ ಪಟ್ಟಿಗಳಿವೆಯಲ್ಲ, ಮಕ್ಕಳಾಗಿದ್ದಾಗ ನಾವು ಹಾರಿಸಿಬಿಡುತ್ತಿದ್ದ ಪುಟಗಳು, ಅವನ್ನು ಅವರು ಎಲ್ಲಕ್ಕಿಂತ ನಿಧಾನವಾಗಿ ಓದಿದರು. ಒಂದೊಂದು ಹೆಸರಿಗೂ ಬೆರಳಿಡುತ್ತಿದ್ದರು. ಹೆಸರಿಲ್ಲದವನು ಯಾರಾದರೂ ಆ ಸಾಲಿನಲ್ಲಿ ಇದ್ದಾನೆಯೇ ಅಂತ ಹುಡುಕುತ್ತಿದ್ದಾರೆ ಅನ್ನೋದು ನನಗೆ ಅರ್ಥವಾದದ್ದು ಎರಡು ಮೂರು ದಿನ ಆದಮೇಲೆ. ಅವತ್ತು ನೀರು ಕುಡಿದು ಬರುತ್ತೇನೆ ಅಂತ ಒಳಗೆ ಹೋಗಿ ಸುಮಾರು ಹೊತ್ತು ಬರಲಿಲ್ಲ ನಾನು.

ಹಸು ಈದ ದಿನ ಕರುವನ್ನು ಒರೆಸಿ, ಗೋಣಿ ಹೊದಿಸಿ, ಅದರ ಪಕ್ಕದಲ್ಲೇ ಕೂತು ಓದಿದರು. ಯಜಮಾನರ ಕಾಲಿಗೆ ಆಪರೇಷನ್ ಆದಾಗ ಹೊಸಕೋಟೆ ಆಸ್ಪತ್ರೆಯ ಬೆಂಚಿನ ಮೇಲೆ ಓದಿದರು. ನಂದಗುಡಿಯಲ್ಲಿ ಮದುವೆಯೊಂದರಲ್ಲಿ ಊಟದ ಎರಡನೇ ಪಂಕ್ತಿಗೆ ಕಾಯುತ್ತಾ ಚಪ್ಪರದ ಹಿಂದೆ ಓದಿದರು. ಆವತ್ತು ನಾನೂ ಜೊತೆಗಿದ್ದೆ. ಪಾಯಸ ಖಾಲಿಯಾಗುತ್ತೆ ಟೀಚರಕ್ಕ ಅಂತ ಎರಡು ಸಲ ಹೇಳಿದೆ. ಪಾಯಸ ನಿಜವಾಗಿಯೂ ಖಾಲಿಯಾಯಿತು.

ಇತ್ತ ಭಾನುವಾರ ಮಕ್ಕಳಿಗೆ ನಾನು ಪಾಠ ಹೇಳುತ್ತಿದ್ದೆ. ಚೆನ್ನಾಗಿ ಹೇಳುತ್ತಿರಲಿಲ್ಲ. ಅವರ ಹಾಗೆ “ಎಲ್ಲೈತೆ?” ಅನ್ನೋಕೆ ಹೋದವಳು ಅಲ್ಲಿಗೇ ಬಿಟ್ಟು ಮುಂದಿನ ಪುಟ ತಿರುವಿಬಿಡುತ್ತಿದ್ದೆ, ಯಾಕೆಂದರೆ ಆ ಪ್ರಶ್ನೆಯಿಂದಲೇ ಟೀಚರಕ್ಕ ಇಷ್ಟೆಲ್ಲ ಕಷ್ಟಕ್ಕೆ ಬಿದ್ದದ್ದು. ಪಂಗಡದ ಮೇಲೇ ನನಗೆ ಸಿಟ್ಟು ಬಂದಿತ್ತು. ಒಬ್ಬ ತಾಯಿ ಒಂದು ಮಾತನ್ನು ನಂಬಿಕೊಂಡು ಇದ್ದರೆ ಯಾರ ಗಂಟು ಹೋಗುತ್ತಿತ್ತು ಅಂತ ಲೈನ್‌ಮನ್ ಅಣ್ಣನನ್ನು ಮುಖಕ್ಕೆ ಮುಖ ಕೊಟ್ಟು ಕೇಳಿಯೂ ಬಿಟ್ಟೆ. ಅವರು ಬೈಯಲಿಲ್ಲ. “ನಂಗೂ ನಿದ್ದೆ ಬರ್ತಿಲ್ಲಮ್ಮಾ” ಅಂದರು, ಅಷ್ಟೇ.

ನಿದ್ದೆ ಬಾರದ ಆ ಮನುಷ್ಯ ತಾವೂ ಹುಡುಕುತ್ತಿದ್ದರು ಅನ್ನೋದು ಆಮೇಲೆ ಗೊತ್ತಾಯಿತು. ಮಳೆಗಾಲದ ಒಂದು ಮಧ್ಯಾಹ್ನ ಸೈಕಲ್ ತುಳಿದುಕೊಂಡು ಜಗಲಿಗೆ ಬಂದರು, ಮುಖದಲ್ಲಿ ಗೆದ್ದ ಕಳೆ. “ಸಿಕ್ತು ಅಕ್ಕಾ” ಅಂತ ಪ್ರವಾದಿಯೊಬ್ಬನ ಪುಸ್ತಕದ ಒಂದು ಪುಟ ತೆಗೆದು ತೋರಿಸಿದರು. ಟೀಚರಕ್ಕ ಪಟ್ಟಿಯಲ್ಲಿ ಇನ್ನೂ ಅಲ್ಲಿಗೆ ಬಂದಿರಲಿಲ್ಲ. ಅಲ್ಲಿ ಒಂದು ಸಾಲಿನಲ್ಲಿ ತಾಯಿ, ಮೊಲೆಯುಣ್ಣುವ ಕೂಸು, ಮರೆಯೋದಿಲ್ಲ ಅನ್ನುವ ಮಾತು ಇದೆ. ಅದರ ಮುಂದಿನ ಸಾಲಿನಲ್ಲೇ ದೇವರು ಅಂಗೈ ಮೇಲೆ ಗುರುತು ಹಾಕಿಕೊಂಡ ಮಾತು. ನನಗೆ ಮೈ ಜುಮ್ಮೆಂದಿತು. ಸುತ್ತು ಕೂತು ಓದುವಾಗ ಟೀಚರಕ್ಕನ ಅಮ್ಮನ ಸರದಿಗೆ ಇವೇ ಎರಡು ವಾಕ್ಯ ಬಂದಿರಬೇಕು, ಅವರು ಎರಡನ್ನೂ ಸೇರಿಸಿ, ತಮ್ಮ ಮಾತಿನಲ್ಲಿ ಒಂದು ಮಾಡಿಕೊಂಡು ನೆನಪಿಟ್ಟುಕೊಂಡಿರಬೇಕು.

ಟೀಚರಕ್ಕ ಓದಿದರು. ಸಾಕು, ಇಲ್ಲಿಗೆ ನಿಲ್ಲಿಸಿಬಿಡಿ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಬೆರಳನ್ನು ಮೇಲಕ್ಕೆ ಸರಿಸಿ, ಆ ವಾಕ್ಯಕ್ಕೆ ಮುಂಚಿನದನ್ನು ಓದಿದರು. ಆಮೇಲೆ ಕೆಳಗಿನದನ್ನು ಓದಿದರು.

“ಇದು ಊರಿನ ಬಗ್ಗೆ ಅಣ್ಣಾ,” ಅಂದರು. “ಹಾಳುಬಿದ್ದಿರೋ ಪಟ್ಟಣಕ್ಕೆ ಸಮಾಧಾನ ಹೇಳ್ತಿರೋದು. ಕೂಸನ್ನ ಬರೀ ಹೋಲಿಕೆಗೆ ತಂದವ್ರೆ. ಸತ್ತಿರೋ ಕೂಸಿನ ವಿಷ್ಯ ಅಲ್ಲ.”

“ಹತ್ರಹತ್ರ ಐತಲ್ಲಕ್ಕಾ,” ಅಂದರು ಲೈನ್‌ಮನ್ ಅಣ್ಣ. ಎಂದೂ ಒಂದು ಅಕ್ಷರ ಬಿಟ್ಟುಕೊಡದ ಮನುಷ್ಯ ಅವತ್ತು ಬೇಡುವ ದನಿಯಲ್ಲಿ ಹೇಳಿದರು. “ಗೋಡೆ ಮೇಲೆ ಇದರ ಗುರುತೇ ಹಾಕ್ಬಿಡಿ. ಯಾರೂ ಏನೂ ಅನ್ನಲ್ಲ. ನಾನೇ ಅನ್ನಲ್ಲ.”

“ಮಕ್ಕಳು ಅನ್ನಲ್ವಾ? ಮೇಲೆ ಕೆಳಗೆ ಓದ್ರಿ ಅಂತ ನಾನೇ ಹೇಳ್ಕೊಟ್ಟಿರೋದು. ಇವ್ಳು ಅನ್ನಲ್ವಾ?” ಅಂತ ನನ್ನ ಕಡೆ ನೋಡಿದರು. ನಾನು ಅನ್ನಲ್ಲ ಅಂತ ಹೇಳಬೇಕೆಂದಿದ್ದೆ. ಬಾಯಿಬಡುಕಿ ನಾನು, ಅವತ್ತು ಕಾಫಿ ತರ್ತೀನಿ ಅಂತ ಎದ್ದು ಒಳಗೆ ಹೋದೆ. ಲೈನ್‌ಮನ್ ಅಣ್ಣ ಕಾಫಿ ಕುಡಿಯದೆ ಎದ್ದು ಹೋದರು.

ಅದಾದಮೇಲೆ ನನ್ನ ಸಿಟ್ಟು ಯಾರ ಮೇಲೂ ಉಳಿಯಲಿಲ್ಲ. ಏಳನೇ ಕ್ಲಾಸು ಓದಿದ ಒಬ್ಬ ಹೆಂಗಸು, ತನಗೆ ಎಲ್ಲಕ್ಕಿಂತ ಬೇಕಾಗಿದ್ದ ಮಾತು ಕೈಗೆ ಬಂದಾಗಲೂ, ಎಲ್ಲರೂ ತಗೋ ಅಂತ ಕೊಟ್ಟಾಗಲೂ, ಮೇಲೆ ಕೆಳಗೆ ಓದಿ ವಾಪಸ್ಸು ಕೊಟ್ಟರಲ್ಲ, ಅದನ್ನು ನಾನು ನನ್ನ ಕಣ್ಣಾರೆ ನೋಡಿದ್ದೇನೆ. ಓದಿದವರು ಅಂತ ನಾನು ಆಮೇಲೆ ಎಷ್ಟೋ ಜನರನ್ನು ಕಂಡೆ, ಬ್ಯಾಂಕಿನ ಕೆಲಸದಲ್ಲಿ ದೊಡ್ಡ ದೊಡ್ಡ ಡಿಗ್ರಿಯವರ ಜೊತೆ ಕೂತೆ. ತಮಗೆ ಬೇಕಾದ ಉತ್ತರ ಬಂದ ಕೂಡಲೇ ಪುಸ್ತಕ ಮುಚ್ಚದವರನ್ನು ಅವರಲ್ಲಿ ಹುಡುಕಬೇಕಾಯಿತು. ನಮ್ಮ ಚಿಕ್ಕ ಪಂಗಡದ ಬಗ್ಗೆ ಯಾರಾದರೂ ನಕ್ಕರೆ ನನಗೆ ಮೊದಲಿನಷ್ಟು ಕೋಪ ಬರುವುದಿಲ್ಲ, ಆ ಜಗಲಿ ನೆನಪಾಗುತ್ತದೆ.

ಡಿಸೆಂಬರಿನ ಕೊನೆಯ ವಾರದಲ್ಲಿ ಓದು ಮುಗಿಯಿತು. ಅವತ್ತೂ ನಾನು ಎದುರಿಗೇ ಇದ್ದೆ. ಕೊನೆಯ ಪುಟದ ಹತ್ತಿರದಲ್ಲೇ ಎಲ್ಲೋ, ದೇವರು ಹೆಸರುಗಳನ್ನು ಬರೆದಿಟ್ಟ ಪುಸ್ತಕದ ಮಾತು ಬರುತ್ತದೆ, ಅದನ್ನು ಬೆರಳಿಟ್ಟು ಎರಡು ಸಲ ಓದಿದರು. ಮುಗಿದಮೇಲೆ ಚೀಟಿಯನ್ನು ತೆಗೆದರು, ಕನ್ನಡಕ ಬಿಚ್ಚಿದರು. “ಹೊತ್ತಾಯ್ತು, ಹಾಲು ಕರೀಬೇಕು” ಅಂತ ಎದ್ದರು. ನಾನು ಹಾಲಿನ ಬಕೆಟ್ಟು ತಂದುಕೊಟ್ಟೆ.

ಆ ಭಾನುವಾರ ಬೆಳಿಗ್ಗೆ ಹುಳುಮನೆಗೆ ಹೋದರೆ ಟೀಚರಕ್ಕ ನನಗಿಂತ ಮುಂಚೆ ಬಂದಿದ್ದರು. ಚಂದ್ರಿಕೆಗಳನ್ನು ಈಚೆಗೆ ಸರಿಸಿ, ಬಕೆಟ್ಟಿನಲ್ಲಿ ಸುಣ್ಣ ಕಲಸಿಕೊಂಡು, ಹನ್ನೆರಡನೇ ವಾಕ್ಯಕ್ಕೆ ಬಳಿಯುತ್ತಿದ್ದರು. ಬಾಗಿಲಲ್ಲಿ ಲೈನ್‌ಮನ್ ಅಣ್ಣ ನಿಂತಿದ್ದರು. ಇರಲಿ ಬಿಡಿ ಅಕ್ಕ ಅಂತ ಅವರೂ ಅಂದರು, ನಾನೂ ಅಂದೆ.

“ಗೋಡೆ ಮೇಲಿರೋದೆಲ್ಲ ಪುಸ್ತಕದ್ದು ಅಂತ ಮಕ್ಕಳು ನಂಬ್ತವೆ,” ಅಂದರು. ಎರಡು ಕೈ ಬಳಿದರೂ ನೀಲಿ ಕಾಣುತ್ತಿತ್ತು. ಮೂರನೇ ಕೈಯನ್ನೂ ಬಳಿದರು.

ಮಕ್ಕಳು ಬಂದು ಕೂತವು. ಟೀಚರಕ್ಕ ಒಂದು ವರ್ಷದ ಮೇಲೆ ಬೋರ್ಡಿನ ಮುಂದೆ ನಿಂತರು. ಕೈಯಲ್ಲಿ ಇನ್ನೂ ಸುಣ್ಣ ಮೆತ್ತಿಕೊಂಡಿತ್ತು. “ಆ ಮೂಲೇಲಿ ಒಂದು ಮಾತಿತ್ತು. ಅದು ಪುಸ್ತಕದಲ್ಲೈತೆ ಅಂತ ನಾನು ನಿಮ್ಗೂ ಹೇಳ್ಕೊಟ್ಟೆ, ನಿಮ್ಗಿಂತ ಮುಂಚೆ ಬಂದೋರ್ಗೂ ಹೇಳ್ಕೊಟ್ಟೆ. ಈ ವರ್ಷ ಮೊದ್ಲಿಂದ ಕೊನೆವರ್ಗೂ ನೋಡ್ದೆ. ಎಲ್ಲೂ ಇಲ್ಲ. ಅದು ನಮ್ಮಮ್ಮನ ಮಾತು. ತಪ್ಪು ನಂದು.” ದನಿ ಎಲ್ಲೂ ನಡುಗಲಿಲ್ಲ. ನಾನು ಮಾತ್ರ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದೆ.

ಮುಂದಿನ ಸಾಲಿನಲ್ಲಿ ಕೂತಿದ್ದ ಪುಟ್ಟ ಹುಡುಗಿಯೊಬ್ಬಳು ಕೈ ಎತ್ತಿದಳು. ನಮ್ಮಲ್ಲಿ ಮಕ್ಕಳಿಗೆ ಪ್ರಶ್ನೆ ಕೇಳಬೇಡ ಅನ್ನುವ ಅಭ್ಯಾಸವೇ ಇಲ್ಲವಲ್ಲ.

“ಹಂಗಾದ್ರೆ ಹೆಸರಿಡದ ಕೂಸನ್ನ ದೇವರು ಎಬ್ಬಿಸಲ್ವಾ ಟೀಚರಕ್ಕ?”

ಟೀಚರಕ್ಕ ಗೋಡೆಯ ಆ ಹಸಿ ಬಿಳುಪನ್ನು ಒಂದು ಸಲ ನೋಡಿದರು.

“ಎಬ್ಬಿಸ್ತಾನೆ ಅಂತ ಬರ್ದಿಲ್ಲ, ಗೊತ್ತಿಲ್ಲ,” ಅಂದರು. “ಎಬ್ಬಿಸಲ್ಲ ಅಂತಾನೂ ಎಲ್ಲೂ ಬರ್ದಿಲ್ಲ ಕಣವ್ವಾ. ಅದನ್ನೂ ಹುಡುಕ್ದೆ.”

ಆಮೇಲೆ ನನ್ನ ಕಡೆ ತಿರುಗಿ ಚಾಕ್‌ಪೀಸಿಗೆ ಕೈ ಚಾಚಿದರು. ಡಬ್ಬಿಯನ್ನು ಅವರ ಕೈಗೆ ಕೊಟ್ಟು ನಾನು ಹೋಗಿ ಮಕ್ಕಳ ಸಾಲಿನ ಹಿಂದೆ ಚಾಪೆಯ ಮೇಲೆ ಕೂತೆ.